ಗಾಡಿ ತಪ್ಪತೈತಿ ಅಂತ ಎದ್ದವರು

ಸಿನಿಮಾ ಮುಗಿಯೂದ್ರೊಳಗ ಎದ್ದು ಹೋಗವ್ರನ್ನ ಕಂಡ್ರ ನನಗ ಇವತ್ತಿಗೂ ಮೈ ಉರಿತೈತಿ. ಮುಂದಿನ ಸಾಲಿನ್ಯಾಗ ಯಾರರ ಸೆರಗು ಸರಿ ಮಾಡ್ಕೊಂಡು ಕಾಲಾಗ ಚಪ್ಪಲಿ ಹುಡಕಾಕ ಶುರು ಮಾಡಿದ್ರ ಸಾಕು, "ಕುಂದರ್ರಿ, ಇನ್ನೂ ಐತಿ" ಅಂತ ಗದರಿಸಿಬಿಡ್ತೇನಿ. ಮೊಮ್ಮಕ್ಕಳಿಗೆ ನಾಚಿಕಿ ಆಗ್ತೈತಿ. ಅವರು ಹೋದ್ರ ನಿನಗೇನು ಅಜ್ಜಿ ಅಂತ ನನ್ನ ಸೀರಿ ಜಗ್ತಾವು. ನನಗೇನು ಅಂದ್ರ ಹೇಳ್ತೇನಿ ಕೇಳ್ರಿ. ಹಿಂಗ ಕೊನಿ ನೋಡದ ಎದ್ದು ಹೋದ ಒಬ್ಬ ಹೆಣ್ಣುಮಗಳು ನಮ್ಮಕ್ಕಗ ಆಕಿ ಹೊಟ್ಟಿ ಕೂಸು ಇಲ್ಲದಂಗ ಮಾಡಾಕ ಹೊಂಟಿದ್ಲು.

ಅರವತ್ತನೇ ಇಸವಿ ಆಸುಪಾಸಿನ ಮಾತು. ನಮ್ಮದು ಹುಬ್ಬಳ್ಳಿ. ದುರ್ಗದಬೈಲಿನಾಗ ಅಪ್ಪಂದು ಬಳಿ ಅಂಗಡಿ, ಅಂಗಡಿ ಹಿಂದ ಮನಿ. ಅಪ್ಪ, ಅವ್ವ, ಅಕ್ಕ, ನಾನು, ಇಷ್ಟ ಮಂದಿ. ನಾ ಆಗ ಮ್ಯಾಟ್ರಿಕ್ ಓದಾಕತ್ತಿದ್ದೆ. ಮೂಗಿನ ತುದೀಗೆ ಸಿಟ್ಟು ಅಂತ ನಮ್ಮವ್ವ ನನಗ ಹುಟ್ಟಿದಾಗಿಂದ ಅನ್ನೂದು. ಇರ್ಲಿ ಬಿಡ್ರಿ, ಆ ಸಿಟ್ಟು ಮುಂದ ಕೆಲಸಕ್ಕ ಬಂತು.

ಧಾರವಾಡದ ಮಂದಿ ಬಾಳ ಶಾಣ್ಯಾರು. ಕಾಲೇಜು ಅಲ್ಲೇ, ಬರಿಯವ್ರು ಅಲ್ಲೇ, ಮಾತು ಅಂದ್ರೂ ಅಲ್ಲಿ ಮಾತ ಛಲೋ ಅಂತ ಹೇಳೂವ್ರು. ನಾವು ಹುಬ್ಬಳ್ಳಿಯವ್ರು ವ್ಯಾಪಾರದ ಮಂದಿ, ಗಂಟಲು ದೊಡ್ಡದು. ಆದ್ರ ಹೊಸಾ ಸಿನಿಮಾ ಮಾತ್ರ ಮೊದಲು ನಮ್ಮಲ್ಲೇ ಬರ್ತಿತ್ತು. ಧಾರವಾಡದ ಟಾಕೀಜಿಗೆ ಹೋಗೂದ್ರೊಳಗ ರೀಲು ಗೀಚಿ ಗೀಚಿ ತೆರಿ ಮ್ಯಾಲ ಮಳಿ ಸುರದಂಗ ಕಾಣ್ತಿತ್ತು. ಅದಕ್ಕ ಅಲ್ಲಿ ಹೆಣ್ಣುಮಕ್ಕಳು ಗುಂಪು ಕಟಗೊಂಡು ಮಧ್ಯಾಹ್ನದ ಆಟಕ್ಕ ರೈಲಿನಾಗ ಹುಬ್ಬಳ್ಳಿಗೆ ಬರ್ತಿದ್ರು. ಬರೂದಕ್ಕ ಮನ್ಯಾಗಿನ ಗಂಡಸೂರು ಹೂಂ ಅಂತಿದ್ರು, ಆದ್ರ ಒಂದು ಕರಾರು ಇತ್ತು. ದೀಪಾ ಹಚ್ಚೂ ಹೊತ್ತಿಗೆ ಮನ್ಯಾಗ ಇರಬೇಕು. ಆ ಹೊತ್ತಿನಾಗ ಮನಿ ಹೆಣ್ಣುಮಗಳು ಹೊರಗಿದ್ರ ಲಕ್ಷ್ಮಿ ಹೊಸ್ತಿಲದ ತನಕ ಬಂದು ಹೊಳ್ಳಿ ಹೋಗ್ತಾಳ ಅಂತ. ಹಂಗ ಮನಿ ಮುಟ್ಟಬೇಕಂದ್ರ ಸಂಜಿ ಗಾಡಿ ಹಿಡೀಬೇಕು. ಸಂಜಿ ಗಾಡಿ ಹಿಡೀಬೇಕಂದ್ರ ಸಿನಿಮಾದ ಕಡೀ ಅರ್ಧಾ ತಾಸು ಬಿಡಬೇಕು. ಖರೇ ಹೇಳ್ತೇನಿ, ಆಗಿನ ಧಾರವಾಡದ ಹೆಣ್ಣುಮಕ್ಕಳು ಹುಬ್ಬಳ್ಳ್ಯಾಗ ಒಂದು ಸಿನಿಮಾದ ಕೊನೀನೂ ನೋಡಿಲ್ಲ.

ಹಂಗಂತ ಕಥಿ ಅರ್ಧಕ್ಕ ಬಿಡೂ ಮಂದೀನೂ ಅಲ್ಲ ಅವರು. ಉಳದದ್ದನ್ನ ಗಾಡ್ಯಾಗ ಕುಂತು ಮುಗಸ್ತಿದ್ರು. ಉಣಕಲ್ ದಾಟೂದ್ರೊಳಗ ಕೆಟ್ಟಾವಗ ಶಿಕ್ಷಾ ಆಗ್ತಿತ್ತು. ನವಲೂರು ಬರೂದ್ರೊಳಗ ಲಗ್ನಾ ಆಗಿ, ಒಮ್ಮೊಮ್ಮೆ ಒಂದು ಕೂಸೂ ಹುಟ್ಟಿರ್ತಿತ್ತು. ಡಬ್ಬ್ಯಾಗಿನ ಹಿರೇ ಹೆಣ್ಣುಮಗಳು ಏನಂತಾಳೋ ಅದ ಕೊನಿ. ಮರುದಿನ ನೀರು ಸೇದೂ ಮುಂದ ಅದನ್ನ ಕಣ್ಣಾರೆ ಕಂಡವ್ರಂಗ ಹೇಳೂದು. ನಾವು ಹುಬ್ಬಳ್ಳಿಯವ್ರು ಇದನ್ನ ಆಡಿಕೊಂಡು ಹೊಟ್ಟಿ ಹುಣ್ಣಾಗೂ ಹಂಗ ನಗತಿದ್ವಿ. ಆ ವರ್ಷದ ಶ್ರಾವಣದ ತನಕ ಅದು ನಗೂ ಮಾತ ಆಗಿತ್ತು.

ನಮ್ಮಕ್ಕನ್ನ ಧಾರವಾಡಕ್ಕ ಕೊಟ್ಟಿದ್ವಿ. ನಾಲ್ಕ ಮನಿ ಒಂದ ಅಂಗಳದಾಗ ಇರೂ ಚಾಳದಂಥಾ ಜಾಗಾ, ನಡುವ ಬಾವಿ. ಗಂಡ ಸರಕಾರಿ ಕಚೇರ್ಯಾಗ ಗುಮಾಸ್ತ. ಬಾಯಾಗ ಬೆರಳಿಟ್ರೂ ಕಚ್ಚಲಾರದಾಂವ. ಮನ್ಯಾಗ ನಡಿಯೂದೆಲ್ಲಾ ಅತ್ತೀದು. ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕಲ್ಲ, ಅಕ್ಕ ನಮ್ಮಲ್ಲಿ ಬಂದು ಹಡದ್ಲು. ಗಂಡು ಕೂಸು. ಎಲ್ಲಾರಿಗೂ ಸಕ್ಕರಿ ಹಂಚಿದ್ದಾತು. ಆಮ್ಯಾಲ ಆಕೀಗೆ ನಿದ್ದಿ ಹೋತು. ಹಗಲೂ ಇಲ್ಲ, ರಾತ್ರೀನೂ ಇಲ್ಲ. ಗ್ವಾಡಿ ಕಡೆ ಮುಖಾ ಮಾಡಿ ಯಾರ ಜೋಡಿನೋ ಮಾತಾಡಾಕತ್ಲು. ಕೂಸನ್ನ ಎತ್ತಿಕೋ ಅಂದ್ರ ಒಲ್ಲೆ ಅಂದ್ಲು. "ಈ ಕೈ ನನ್ನವಲ್ಲ ಅವ್ವ, ಬೀಳತೈತಿ ಅದು" ಅಂತಿದ್ಲು. ಬಾಣಂತಿ ಸನ್ನಿ ಅಂದ್ಲು ಸೂಲಗಿತ್ತಿ.

ಸನ್ನಿ ಅಂದ ಕೂಡ್ಲೇ ಊರ ಮಂದೀಗೆಲ್ಲಾ ವೈದ್ಯಕೀ ಬಂತು. ತಾಯತ ಕಟ್ಟಿದ್ರು, ನಿಂಬಿಹಣ್ಣು ಇಳಿಸಿದ್ರು. ಒಬ್ಬಾಂವ ಬಂದು ಬೇವಿನ ಟೊಂಗಿ ತಗೊಂಡು ಬಾಣಂತಿ ಮೈಮ್ಯಾಲ ಬಡದ. ಬಡಿಯೂ ಮುಂದ ನಮ್ಮ ಓಣಿ ಹೆಂಗಸೂರು ಕೈಮುಗದು ನಿಂತಿದ್ರು. ನಾ ಆ ಟೊಂಗಿ ಕಸಗೊಂಡು ಅವನಿಗೇ ಎರಡು ಕೊಟ್ಟೆ. ಅವ್ವ ನನ್ನ ಕಪಾಳಕ್ಕ ಹೊಡದ್ಲು, ಆದ್ರ ಆ ಮನಶ್ಯಾ ಮತ್ತ ಬರ್ಲಿಲ್ಲ. ಮರುದಿನ ಅಪ್ಪ ಟಾಂಗಾ ಕರಸಿದ.

ಹುಬ್ಬಳ್ಳ್ಯಾಗ ಯಾರರ ಏನರ ಅಡ್ಡಾದಿಡ್ಡಿ ಮಾತಾಡಿದ್ರ, "ಧಾರವಾಡಕ್ಕ ಕಳಸ್ಬೇಕು ಇವನ್ನ" ಅನ್ನೂ ರೂಢಿ. ಹುಚ್ಚರ ದವಾಖಾನಿ ಅಲ್ಲಿತ್ತಲ್ಲ. ಅಕ್ಕನ್ನ ಅಲ್ಲಿಗೆ ಒಯ್ದ್ವಿ. ಗಾಜಿನ ಸಾಮಾನು ಒಳಗ ಬ್ಯಾಡ, ಪೇಷಂಟು ಗಾಯಾ ಮಾಡ್ಕೊಂಡಾರು ಅಂದ್ರು. ಬಳಿ ಒಡೀಬಾರದಲ್ಲ, ಮುತ್ತೈದಿ ಕೈ ಅದು. ಅಪ್ಪ ಅಲ್ಲೇ ಬಾಗಲದಾಗ ಕುಂತು ಎಣ್ಣಿ ಹಚ್ಚಿ ಒಂದೊಂದ ಬಳಿ ಜಾರಿಸಿ ತಗದ. ಊರಾಗಿನ ಹೆಣ್ಣುಮಕ್ಕಳ ಕೈಗೆಲ್ಲಾ ಬಳಿ ಏರಿಸಿದ ಕೈ ಅವು, ಅವತ್ತು ಮಗಳ ಕೈಯಿಂದ ಇಳಿಸಿದ್ವು.

ಬೀಗರು ಬಂದು ಕೂಸನ್ನ ಒಯ್ದರು. ಒಯ್ದದ್ದಕ್ಕ ನನ್ನ ತಕರಾರಿಲ್ಲ, ಆಗ ಅದು ಬೇಕಾಗಿತ್ತು. ಅತ್ತಿ ಆಕಳ ಹಾಲು ಹಾಕಿ ಅಂಗೈಯಾಗ ಇಟಗೊಂಡು ಜ್ವಾಕಿ ಮಾಡಿದ್ಲು. ಆಕಿ ಕೆಟ್ಟಾಕಿ ಅಂತ ನಾ ಹೇಳಂಗಿಲ್ಲ. ದವಾಖಾನ್ಯಾಗ ಅಕ್ಕ ಮೆಲ್ಲಕ ಸುಧಾರಿಸಿದ್ಲು. ಬ್ಯಾಸಿಗಿ ಹೊತ್ತಿಗೆ ಮನಿಗೆ ಬಂದ್ಲು. ಡಾಕ್ಟರು ಅಪ್ಪಗ ಬಿಡಿಸಿ ಹೇಳಿದ್ರು, ಈಕಿ ಆರಾಮ ಆಗ್ಯಾಳ, ಇದು ಬಾಣಂತ್ಯಾರಿಗೆ ಬರೂ ಜಡ್ಡು, ಬಂದಂಗ ಹೋಗತೈತಿ, ಇನ್ನ ಆಕಿ ಕೂಸು ಆಕಿಗೆ ಕೊಡ್ರಿ ಅಂತ.

ಆರಾಮ ಆದ್ಲು ಖರೆ. ಆದ್ರ ಒಂದು ಹೋಗಿತ್ತು. ಸಿಟ್ಟಿಗೇಳೂ ಹಕ್ಕು. ಒಂದಿನ ನಾ ಉಕ್ಕೂ ಹಾಲು ನೋಡದ ಬಿಟ್ಟೆ, ಒಲಿ ಮ್ಯಾಲೆಲ್ಲಾ ಚೆಲ್ಲಿತು. ಅಕ್ಕ "ಕಣ್ಣು ಎಲ್ಲಿಟ್ಟಿದ್ದಿ" ಅಂತ ಜೋರು ಮಾಡಿದ್ಲು. ಯಾವ ಅಕ್ಕ ಆದ್ರೂ ಅನ್ನೂ ಮಾತು ಅದು. ಅಷ್ಟಕ್ಕ ಅವ್ವ ಒಳಗಿಂದ ಓಡಿ ಬಂದು ಆಕಿ ಮುಖಾ ನೋಡಿದ್ಲು, ಅಪ್ಪ ಅಂಗಡಿ ಬಿಟ್ಟು ಬಂದ. ಗುಳಗಿ ತಗೊಂಡಿಯೇನು ಅಂತ ಇಬ್ರೂ ಒಮ್ಮೆಲೆ ಕೇಳಿದ್ರು. ಅಕ್ಕ ಅರಿವಿ ತಗೊಂಡು ಹಾಲು ಒರಸಾಕ ಕುಂತ್ಲು. ಅವತ್ತಿನಿಂದ ಆಕಿ ದನಿ ಏರಿಸಲಿಲ್ಲ. ಮಂದಿ ಕುಹಕ ಆಡಿದ್ರೂ ನಕ್ಕೋತ ಇರ್ತಿದ್ಲು. ಆಕಿ ಪಾಲಿನ ಸಿಟ್ಟೂ ನಾನ ಮಾಡಬೇಕಾತು.

ಬೀಗರು ಮಾತು ಕೊಟ್ಟಿದ್ರು. ಪಂಚಮಿ ತವರಮನ್ಯಾಗ ಮಾಡಲಿ, ಉಂಡಿ ತಿನ್ನಲಿ, ಜೋಕಾಲಿ ಆಡಲಿ, ಆಮ್ಯಾಲ ಬಂದು ಕರಕೊಂಡು ಹೋಗ್ತೇವಿ ಅಂತ. ಅಕ್ಕ ಕೂಸಿಗೆ ಒಂದು ಕುಂಚಿಗಿ ಹೊಲಿಯಾಕತ್ಲು, ಕೆಂಪು ಖಣದ್ದು, ತಲಿ ಮ್ಯಾಲ ಟೊಪಿಗಿ, ಹಿಂದ ಬೆನ್ನಿನ ತನಕ ಇಳಿ ಬಿದ್ದದ್ದು. ಅಳತಿ ಗೊತ್ತಿಲ್ಲ. ಓಣ್ಯಾಗಿನ ಕೂಸುಗಳ ತಲಿ ಮುಟ್ಟಿ ಮುಟ್ಟಿ ನೋಡಿ ಬಂದು ಹೊಲಿಯೂದು, ಸಣ್ಣದಾತು ಅಂತ ಬಿಚ್ಚೂದು.

ಅದ ಹೊತ್ತಿನಾಗ ಒಬ್ಬ ರಾಜನ ಸಿನಿಮಾ ಬಂತು.

ದುರ್ಗದಬೈಲಿಗೆ ಒಂದು ಟಾಂಗಾ ಬಂತು, ಮ್ಯಾಲ ಸ್ಪೀಕರು, ಎರಡೂ ಮಗ್ಗಲಕ್ಕ ಬಣ್ಣದ ಚಿತ್ರ. ಟಾಂಗಾದಾಗ ಒಬ್ಬ ಮನಶ್ಯಾಗ ರಾಜನ ವ್ಯಾಷಾ ಹಾಕಿ, ಕೈಕಾಲಿಗೆ ಸರಪಳಿ ಸುತ್ತಿ ಕುಂದರಿಸಿದ್ರು. ಹುಚ್ಚು ರಾಜಾ ಬಂದ, ಹುಚ್ಚು ರಾಜಾ ಬಂದ ಅಂತ ಸ್ಪೀಕರಿನಾಗ ಕೂಗೂದು, ಆಂವ ಹಲ್ಲು ಕಿಸದು ಸರಪಳಿ ಅಲ್ಲಾಡಿಸೂದು. ಮಂದಿ ಬಿದ್ದು ಬಿದ್ದು ನಗಾಕತ್ತಿದ್ರು. ಅಪ್ಪ ಗಿರಾಕಿ ಕೈ ಹಿಡಕೊಂಡಾಂವ ತಲಿ ಕೆಳಗ ಹಾಕಿದ. ನಾ ಹೊರಗ ಹೋಗಿ ಟಾಂಗಾದಾವಗ, ಇಲ್ಲಿಂದ ಎತ್ತು ನಿನ್ನ ಗಾಡಿ ಅಂತ ಚೀರಿದೆ. ಅಕ್ಕ ನನ್ನ ಹಿಂದ ಬಂದು ನಿಂತು ನೋಡಿದ್ಲು. "ಪಾಪ, ಬಿಸಲಾಗ ಅಷ್ಟು ದಪ್ಪ ಅಂಗಿ ಹಾಕ್ಯಾರ ಅವಗ, ಒಂದು ತಂಬಿಗಿ ನೀರು ಕೊಡು" ಅಂದ್ಲು. ನಾ ಕೊಡಲಿಲ್ಲ. ಆಕೀನ ಒಯ್ದು ಕೊಟ್ಲು.

ಪಂಚಮಿ ಇನ್ನ ವಾರ ಇತ್ತು ಅನ್ನೂ ಹೊತ್ತಿಗೆ ಬೀಗತಿ ಬಂದ್ಲು, ಅಕ್ಕನ ಅತ್ತಿ. ಜೋಡಿ ಆಕಿ ಅಂಗಳದ ನೆರಿಮನಿ ಹೆಣ್ಣುಮಕ್ಕಳು. ಶ್ರಾವಣದ ಬಳಿ ಇಡಿಸ್ಕೊಂಡು ಸಿನಿಮಾಕ್ಕ ಹೋಗೂದು ಅವರ ಲೆಕ್ಕ. ಅಕ್ಕ ಚಹಾ ತಂದು ಕೊಟ್ಲು.

"ಕೂಸು ಹೆಂಗೈತ್ರಿ ಅತ್ತಿ?" ಅಂದ್ಲು.

"ಗ್ವಾಡಿ ಹಿಡಕೊಂಡು ನಿಂದ್ರಾಕತ್ತೈತಿ. ಹಬ್ಬ ಆಗ್ಲಿ, ಬಂದು ಕರಕೊಂಡು ಹೋಗ್ತೇವಿ. ಉಂಡಿ ಜಾಸ್ತಿ ಕಟ್ಟು, ನಿನ್ನ ಗಂಡಗ ಶೇಂಗಾದ್ದು ಸೇರತೈತಿ" ಅಂದ್ಲು ಅತ್ತಿ. ನಕ್ಕೋತನ ಅಂದ್ಲು. ಆ ನಗಿ ನಾ ಕಣ್ಣಾರೆ ನೋಡೇನಿ. ಆಗ ಆಕಿ ಮನಸಿನ್ಯಾಗ ಏನೂ ಇರಲಿಲ್ಲ.

ಅಕ್ಕನೂ ಸಿನಿಮಾಕ್ಕ ಬರ್ತೇನಿ ಅನ್ನೂವಾಕಿ ಇದ್ಲು. ಅಷ್ಟ್ರಾಗ ಅತ್ತಿ, "ನೀ ಬ್ಯಾಡವಾ, ಅಂಥಾದ್ದೆಲ್ಲಾ ನೀ ನೋಡಬಾರದು" ಅಂದ್ಲು. ಅಕ್ಕ ಹೂಂ ಅಂತ ತಲಿ ಹಾಕಿದ್ಲು. ಅವ್ವ ಅವರ ಜೋಡಿ ನನ್ನ ಕಳಿಸಿದ್ಲು.

ಟಾಕೀಜಿನಾಗ ಹೆಣ್ಣುಮಕ್ಕಳಿಗೆ ಬ್ಯಾರೆ ಕಡೆ ಕುಂದರೂ ಬಾಕು. ಸಿನಿಮಾ ಕನ್ನಡದ್ದ, ಆದ್ರ ಮೈಸೂರ ಕಡೆ ಪುಸ್ತಕದ ಕನ್ನಡ. ಯುದ್ಧಾ ಗೆದ್ದು ಬಂದ ಒಬ್ಬ ರಾಜಗ ನಿದ್ದಿ ಹತ್ತವಲ್ಲದು. ಕಿರೀಟದಾಗ ಇರಿವಿ ಅದಾವ ಅಂತಾನ, ಆಸ್ಥಾನದಾಗ ಮಂತ್ರಿ ಬಿಟ್ಟು ಕಂಬದ ಜೋಡಿ ಮಾತಾಡ್ತಾನ. ಅಂವ ಕಿರೀಟ ಜಾಡಿಸಿದಾಗೊಮ್ಮೆ ಗಂಡಸೂರ ಕಡೆಯಿಂದ ಸೀಟಿ, ನಗಿ. ನನ್ನ ಮಗ್ಗಲಕಿದ್ದ ಹೆಂಗಸೂ ಬಾಯಾಗ ಸೆರಗು ತುರಕೊಂಡು ನಗಾಕತ್ತಿದ್ಲು. ನಿದ್ದಿ ಇಲ್ಲದಾವನ್ನ ನೋಡಿ ನಗೂದು ಎಂಥಾ ನಗಿರಿ ಅದು? ನಿದ್ದಿ ಹೋದವ್ರನ್ನ ನಾ ಮನ್ಯಾಗ ನೋಡಿದ್ದೆ. ನನಗ ಅಲ್ಲಿ ಕುಂದರೂದ ಕಷ್ಟ ಆತು.

ಅತ್ತಿ ಮಾತ್ರ ನಗಲಿಲ್ಲ. ರಾಜನ್ನ ಆನಿ ಕಟ್ಟೂ ಜಾಗಾದಾಗ ಸರಪಳಿ ಹಾಕಿ ಕಟ್ಟಿದಾಗ ಕಣ್ಣು ಒರಸಿಕೊಂಡ್ಲು. ಆಮ್ಯಾಲ ಬಂತು ನೋಡ್ರಿ ಆ ಸೀನು. ರಾಜಾ ಸರಪಳಿ ಕಿತ್ತುಕೊಂಡು ಅರಮನಿ ಒಳಗ ಬರ್ತಾನ. ಮುರದ ಸರಪಳಿ ನೆಲಕ್ಕ ಎಳಕೋತ, ಕಣ್ಣು ಕೆಂಪಗ, ಕೂದಲ ಕೆದರಿ. ಅಲ್ಲಿ ತೊಟ್ಲದಾಗ ರಾಜಕುಮಾರ ಮಲಗ್ಯಾನ. ನಗಾರಿ ಬಾರಸಾಕತ್ತಾವು. ರಾಜಾ ಬಗ್ಗಿ ಎರಡೂ ಕೈಲೆ ಕೂಸನ್ನ ಎತ್ತತಾನ.

"ಏಳ್ರಿ, ಗಾಡಿ ತಪ್ಪತೈತಿ" ಅಂದ್ಲು ಅವರೊಳಗಿನ ಹಿರೇ ಹೆಣ್ಣುಮಗಳು.

ಎಲ್ಲಾರೂ ಎದ್ದರು. ನಾ ಅತ್ತಿ ಸೆರಗು ಹಿಡದು, "ಇನ್ನ ಸ್ವಲ್ಪ ಐತ್ರಿ ಅತ್ತಿ, ಕುಂದರ್ರಿ" ಅಂದೆ. "ದೀಪಾ ಹಚ್ಚೂ ಹೊತ್ತಾತು, ನೀ ನೋಡ್ಕೊಂಡು ಹೋಗು" ಅಂತ ಸೆರಗು ಬಿಡಿಸ್ಕೊಂಡು ಹೋದ್ಲು. ಬಾಗಲದಾಗ ಒಮ್ಮೆ ಹೊಳ್ಳಿ ತೆರಿ ಕಡೆ ನೋಡಿದ್ಲು. ರಾಜಾ ಇನ್ನೂ ಕೂಸು ಎತ್ತಿ ಹಿಡದ ನಿಂತಿದ್ದ.

ನಾ ಕುಂತೆ. ಮುಂದ ಏನಾತು ಹೇಳ್ತೇನಿ. ಆ ರಾಜಾ ಕೂಸನ್ನ ಎದಿಗೆ ಒತ್ತಿಕೊಂಡು ನೆಲದ ಮ್ಯಾಲ ಕುಂದರತಾನ. ಸರಪಳಿ ಸಪ್ಪಳಾ ಆಗಿ ಕೂಸು ಎದ್ದೀತು ಅಂತ ಆ ಸರಪಳಿನ್ನ ತನ್ನ ತೊಡಿ ಕೆಳಗ ಮೆಲ್ಲಕ ಒತ್ತಿ ಇಟಗೋತಾನ. ಕೂಸನ್ನ ತೊಡಿ ಮ್ಯಾಲ ಹಾಕ್ಕೊಂಡು ತಟ್ಟತಾನ. ಸಿಪಾಯಿಗಳು ಓಡಿ ಬರ್ತಾರ, ರಾಣಿ ಬಾಗಲದಾಗ ಕೈ ಅಡ್ಡಾ ಹಿಡದು ಅವರನ್ನ ನಿಂದ್ರಸತಾಳ. ಕೂಸಿನ ಜೋಡಿ ಅವಗೂ ನಿದ್ದಿ ಹತ್ತತೈತಿ. ಅಲ್ಲಿಂದ ಅವಗ ಆರಾಮ ಆಗ್ತೈತಿ. ಕಡೀಕ ಸಿಂಹಾಸನದ ಮ್ಯಾಲ ಕುಂದರತಾನ, ಕಿರೀಟ ತಗೊಂಡು ಒಳಗ ಒಮ್ಮೆ ನೋಡಿ, ತಾನ ನಕ್ಕು, ತಲಿ ಮ್ಯಾಲ ಇಟಗೋತಾನ. ಸೀಟಿ ಹೊಡದ ಮಂದಿ ಎಲ್ಲಾ ಮೂಗು ಒರಸಾಕತ್ತಿದ್ರು.

ನಾ ದುರ್ಗದಬೈಲಿನ ತನಕ ಓಡಿಕೋತ ಬಂದೆ. ಅಕ್ಕಗ ಎಲ್ಲಾ ಹೇಳಿದೆ. ಆಕಿ ಸರಪಳಿ ಮಾತು ಮತ್ತ ಮತ್ತ ಕೇಳಿದ್ಲು. "ತೊಡಿ ಕೆಳಗ ಇಟಗೊಂಡ್ನೇನು? ಸಪ್ಪಳಾ ಆಗಬಾರದಂತ?" ಅಂತ. ಅವತ್ತು ಆಕಿ ಮುಖದ ಮ್ಯಾಲಿನ ಸಂತೋಷ ನೋಡಿ ಅವ್ವ ದೇವರಿಗೆ ತುಪ್ಪದ ದೀಪಾ ಹಚ್ಚಿದ್ಲು. ನಾ ಇಲ್ಲಿ ಕಥಿ ಹೇಳೂ ಹೊತ್ತಿನಾಗ ಅಲ್ಲಿ ಗಾಡಿ ನವಲೂರು ದಾಟಾಕತ್ತಿತ್ತು.

ಪಂಚಮಿ ಬಂತು, ಹೋತು. ಅಕ್ಕ ಉಂಡಿ ಕಟ್ಟಿ ಡಬ್ಬಿ ತುಂಬಿಸಿ ಇಟ್ಟಿದ್ಲು. ಯಾರೂ ಬರ್ಲಿಲ್ಲ. ಇವತ್ತು ಬರ್ತಾರ, ನಾಳೆ ಬರ್ತಾರ ಅಂತ ಆಕಿ ದಿನಾ ತಲಿ ಹಿಕ್ಕೊಂಡು, ಛಲೋ ಸೀರಿ ಉಟಗೊಂಡು ಕುಂದರೂದು. ಉಂಡಿ ಬಿರುಸಾಗಿ ಹ್ವಾದವು. ಕಡೀಕ ಒಂದಿನ ಮಾಮಾ ಬಂದ, ಅಕ್ಕನ ಗಂಡ. ಒಬ್ಬಾಂವನ ಬಂದ. ಅಂಗಡಿ ಕಟ್ಟಿ ಮ್ಯಾಲ ಕುಂತಾಂವ ಒಳಗ ಬರ್ಲಿಲ್ಲ.

"ಅವ್ವ ಅಂಜ್ಯಾಳ್ರಿ ಮಾವಾರ" ಅಂದ ಅಪ್ಪಗ. "ಕೂಸು ನನ್ನ ಕಡೇನ ಇರ್ಲಿ, ಆಕಿ ತವರಮನ್ಯಾಗ ಇರ್ಲಿ ಅಂತಾಳ. ಹುಚ್ಚು ಹೋತು ಅಂತಾರ, ಹೋಗಿರಂಗಿಲ್ಲ, ಒಳಗ ಕುಂತಿರತೈತಿ ಅಂತಾಳ. ಆ ಸಿನಿಮಾದಾಗ ರಾಜಾ ತನ್ನ ಹೊಟ್ಟಿ ಕೂಸನ್ನ ಕೊಂದನಂತಲ್ರಿ."

ನಾ ಒಳಗ ಒಲಿ ಮುಂದ ಇದ್ದಾಕಿ ಹೊರಗ ಬಂದೆ.

"ಯಾರು ಹೇಳಿದ್ರು ನಿಮಗ ಕೊಂದ ಅಂತ?"

"ಅವ್ವ ನೋಡಿ ಬಂದಾಳಲ್ಲ. ಅಂಗಳದ ಹೆಣ್ಣುಮಕ್ಕಳೆಲ್ಲಾ ಹೇಳಾಕತ್ತಾರ."

"ನಿಮ್ಮವ್ವ ಕೂಸು ಎತ್ತೂ ತನಕ ನೋಡ್ಯಾಳ. ಕೊಂದದ್ದು ಗಾಡ್ಯಾಗ ಕುಂತು. ನೀವು ಓದಿದಾವ್ರು, ಸರಕಾರಿ ಕಚೇರ್ಯಾಗ ಕುಂದರತೀರಿ, ಒಂದು ತಿಕೀಟು ತಗಿಸಿ ನೀವರ ಹೋಗಿ ನೋಡಬೇಕು ಅನ್ನೂ ಬುದ್ಧಿ ಬರ್ಲಿಲ್ಲೇನು?"

ಅಪ್ಪ ನನಗ ಒಳಗ ಹೋಗಂದ. ಅಳಿಯನ ಮುಂದ ಕೈಮುಗದು, "ಆಗ್ಲಿರಿ, ಮನಸು ತಿಳಿ ಆಗ್ಲಿ, ನಿಧಾನಕ ನೋಡೋಣಂತ" ಅಂದ. ಹೆಣ್ಣು ಹಡದವ್ರು ಬಗ್ಗಿ ನಡೀಬೇಕಂತ. ಆ ಮಾತು ಯಾವ ಪುಣ್ಯಾತ್ಮಾ ಕಟ್ಟಿದ್ನೋ, ಅವನ ಬಾಯಾಗ ಮಣ್ಣು ಬೀಳ್ಲಿ. ಮಾಮಾ ಹ್ವಾದ ಮ್ಯಾಲ ನಾ ಅಪ್ಪಗೂ ಬಿಡಲಿಲ್ಲ. ನಿನ್ನ ಮಗಳು ಸತ್ತಾಳೇನು, ಕೂಸು ಬಿಟ್ಟಿರು ಅಂದ್ರ ಆಗ್ಲಿರಿ ಅಂತಿ ಅಂತ ಅಂದೆ. ಅಪ್ಪ ಪೆಟಿಗಿ ತಗದು ಬಳಿ ಎಣಸಾಕ ಕುಂತ.

ಅಕ್ಕ ಬಾಗಲಾ ಹಿಂದ ನಿಂತು ಎಲ್ಲಾ ಕೇಳ್ಯಾಳ. ಅಳಲಿಲ್ಲ. ಹೊರಗ ಬಂದು ಅಪ್ಪನ ಮುಂದ ಕುಂತು ಎರಡೂ ಕೈ ಚಾಚಿದ್ಲು.

"ಬಳಿ ಇಡಸಪ್ಪ. ನಾ ಧಾರವಾಡಕ್ಕ ಹೋಗ್ತೇನಿ" ಅಂದ್ಲು.

ಕರಿಯಾಕ ಬರಲಾರದ ಸೊಸಿ ತಾನಾಗಿ ಅತ್ತಿ ಮನಿಗೆ ಹೋಗಬಾರದು ಅಂತ ನಮ್ಮಲ್ಲಿ. ಹೋದ್ರ ಕಿಮ್ಮತ್ತು ಇರಂಗಿಲ್ಲ. ಅವ್ವ ಬ್ಯಾಡ ಬ್ಯಾಡ ಅಂತ ಅತ್ಲು. ಅಪ್ಪ ಬಾಳೊತ್ತು ಆಕಿ ಕೈ ನೋಡಿದ. ಆಮ್ಯಾಲ ಹಸರ ಬಳಿ ತಗದು, ಕೈ ಹಿಚುಕಿ ಹಿಚುಕಿ, ಮುಂಗೈ ತುಂಬಾ ಇಡಿಸಿದ. ಎದ್ದು ಟೊಪಿಗಿ ಹಾಕ್ಕೊಂಡು ಅಂಗಡಿ ಬಾಗಲಾ ಮುಚ್ಚಿದ. ಹಬ್ಬ ಅಲ್ಲ, ಸಂತಿ ಸೂಟಿ ಅಲ್ಲ, ನಡು ಹಗಲಾಗ ಆಂವ ಅಂಗಡಿ ಮುಚ್ಚಿದ್ದು ಅದ ಮೊದಲು.

ಅಪ್ಪ, ಅಕ್ಕ, ನಾನು ಮೂವರೂ ರೈಲಿನಾಗ ಹೋದ್ವಿ. ಮುಟ್ಟೂ ಹೊತ್ತಿಗೆ ಬಿಸಿಲು ಇಳದಿತ್ತು. ಅಂಗಳದ ಬಾವಿ ಹತ್ರ ಸಿನಿಮಾಕ್ಕ ಬಂದಿದ್ದ ಅದ ಹೆಣ್ಣುಮಕ್ಕಳು, ನೀರು ಸೇದಾಕತ್ತಿದ್ರು. ನಮ್ಮನ್ನ ಕಂಡು ಕೊಡಾ ಅಲ್ಲೇ ಬಿಟ್ಟು ಹಿಂದ ಬಂದ್ರು. ಅತ್ತಿ ಪಡಸಾಲ್ಯಾಗ ಅಕ್ಕಿ ಆರಸಾಕತ್ತಿದ್ಲು. ಮೂಲ್ಯಾಗ ತೊಟ್ಲ. ಕೂಸು ಮಲಗಿತ್ತು, ಒಂದು ಕಾಲು ಹೊರಗ ಬಿದ್ದಿತ್ತು. ಅಕ್ಕ ಆ ಕಾಲು ನೋಡಿಕೋತ ನಿಂತ್ಲು. ಮಾಮಾ ಗ್ವಾಡಿಗೆ ಬೆನ್ನು ಹಚ್ಚಿ ನಿಂತ.

ಯಾರೂ ಬರ್ರಿ ಅನ್ನಲಿಲ್ಲ, ಕುಂದರ್ರಿ ಅನ್ನಲಿಲ್ಲ. ಬೀಗರಿಗೆ ಒಂದು ತಂಬಿಗಿ ನೀರು ಕೊಡಲಿಲ್ಲ. ಧಾರವಾಡದ ರೀತಿ ರಿವಾಜು ಅಂತ ಊರಿಗೆಲ್ಲಾ ಹೇಳೂವ್ರು ಇವರು. ನನಗ ತಡೀಲಿಲ್ಲ. ನಿಂತಲ್ಲೇ ಸಿನಿಮಾದ ಕೊನಿ ಹೇಳಿದೆ, ಕೂಸು ಎತ್ತಿದ್ದು, ಸರಪಳಿ ತೊಡಿ ಕೆಳಗ ಇಟ್ಟದ್ದು, ನಿದ್ದಿ ಹತ್ತಿದ್ದು, ಎಲ್ಲಾ.

"ಸುಳ್ಳು ಹೇಳಬ್ಯಾಡವಾ" ಅಂದ್ಲು ಆ ಹಿರೇ ಹೆಣ್ಣುಮಗಳು. "ನಾವೂ ನೋಡೀವಿ. ಬಾವ್ಯಾಗ ಒಗದ ಅಂವ ಕೂಸನ್ನ."

"ಎಲ್ಲಿ ನೋಡೀರಿ? ಟಾಕೀಜಿನ್ಯಾಗೋ, ನವಲೂರು ಸ್ಟೇಷನ್ನಿನ್ಯಾಗೋ?"

ಇಬ್ಬರು ಮುಖಾ ಮುಖಾ ನೋಡ್ಕೊಂಡ್ರು. ಒಬ್ಬಾಕಿ, ಖರೆ ಅಂದ್ರ ನಾವು ಬಾವಿ ನೋಡಿಲ್ಲ ಅಂತ ಸಣ್ಣ ದನೀಲೆ ಅಂದ್ಲು. ಆದ್ರ ಅತ್ತಿ ಅಕ್ಕಿ ಮರಾ ಕೆಳಗಿಟ್ಟು ಎದ್ದು ತೊಟ್ಲದ ಮುಂದ ಬಂದು ನಿಂತ್ಲು. "ನಿಮ್ಮಕ್ಕನ ಪರ ನೀ ಹೇಳೂದ. ರಾಜಾ ಕೊಲ್ಲಲಿ ಬಿಡ್ಲಿ, ನನಗೇನು. ಈ ಕೂಸು ಆಕಿ ಕೈಯಾಗ ಕೊಡಾಕ ನನ್ನ ಜೀವಾ ಒಪ್ಪೂದಿಲ್ಲ" ಅಂದ್ಲು. ಎರಡೂ ಕೈಲೆ ತೊಟ್ಲ ಬಿಗಿ ಹಿಡದ್ಲು. ಖರೇನ ಅಂಜಿದ್ಲು ಆಕಿ. ಅದನ್ನ ನೋಡಿದ್ರೂ ನನ್ನ ಸಿಟ್ಟು ಇಳೀಲಿಲ್ಲ, ಇನ್ನೂ ಏರಿತು.

ನಮ್ಮ ಗದ್ದಲಕ್ಕ ಕೂಸು ಎದ್ದು ಕಿಟಾರನ ಕಿರಿಚಿತು. ಅಕ್ಕ ಮುಂದ ಬಂದ್ಲು.

"ಮುಟ್ಟಬ್ಯಾಡ" ಅಂದ್ಲು ಅತ್ತಿ.

"ಮಗ್ಗಲಕ ಸರೀರಿ" ಅಂದ್ಲು ಅಕ್ಕ. ಆ ದನಿ ನಾ ಬಾಳ ದಿನದ ಮ್ಯಾಲ ಕೇಳಿದೆ. ಹಾಲು ಉಕ್ಕಿದ ದಿನದ ದನಿಗಿಂತ ನಾಲ್ಕು ಪಟ್ಟು ಜೋರು, ಅಂಗಳದ ಆಚಿ ತನಕ ಹೋತು. ಅಪ್ಪ ಗಾಬರಿಯಾಗಿ ಆಕಿ ಕಡೆ ನೋಡಿದ.

"ನೋಡ್ರಿ, ನೋಡ್ರಿ, ಶುರು ಆತು ಮತ್ತ" ಅಂದ್ಲು ಅತ್ತಿ, ಬಾಗಲದಾಗ ನಿಂತ ಹೆಣ್ಣುಮಕ್ಕಳಿಗೆ.

"ಇದು ಸಿಟ್ಟುರಿ ಅತ್ತಿ, ಹುಚ್ಚಲ್ಲ" ಅಂದ್ಲು ಅಕ್ಕ. "ನಿಮಗೂ ಬರ್ತೈತ್ಯಲ್ಲ ಸಿಟ್ಟು? ಈ ನನ್ನ ತಂಗಿಗೆ ದಿನಾ ಮುಂಜಾನಿಂದ ಸಂಜಿತನಕಾ ಬರ್ತೈತಿ, ಆಕಿನ್ನ ಯಾರೂ ದವಾಖಾನಿಗೆ ಹಾಕಲಿಲ್ಲ. ನನಗ ಒಬ್ಬಾಕಿಗೇ ಯಾಕ ಬರಬಾರದು? ಒಂಬತ್ತು ತಿಂಗಳ ಹೊತ್ತಾಕಿ ನಾನು. ಕೂಸಿನ ತಲಿ ಎಷ್ಟು ದೊಡ್ಡದು ಅಂತ ಮಂದಿ ಕೂಸು ಮುಟ್ಟಿ ನೋಡೋ ಹಂಗ ಮಾಡೀರಿ ನನ್ನ."

ಆಕಿ ತೊಟ್ಲಕ್ಕ ಕೈ ಹಾಕಿದ್ಲು. ಬಾಗಲದಾಗ ಹೆಣ್ಣುಮಕ್ಕಳು ಒಬ್ಬರ ಕೈ ಒಬ್ಬರು ಹಿಡಕೊಂಡ್ರು. ಒಬ್ಬಾಕಿ, ಅಯ್ಯ ದೀಪಾ ಹಚ್ಚೂ ಹೊತ್ತಾತು ಅಂತ ಹೊಂಟ್ಲು. ಅಕ್ಕ ಹೊಳ್ಳಿ ನೋಡಿದ್ಲು.

"ಯಾರೂ ಹೋಗಬ್ಯಾಡ್ರಿ" ಅಂದ್ಲು. "ಇವತ್ತು ನಿಮಗ ಯಾವ ಗಾಡೀನೂ ತಪ್ಪಂಗಿಲ್ಲ. ಕುಂದರ್ರಿ ಅತ್ತಿ. ಈ ಸಲಾ ಕೊನೀತನಕಾ ನೋಡ್ರಿ."

ಎರಡೂ ಕೈಲೆ ಕೂಸನ್ನ ಎತ್ತಿದ್ಲು.

ಸಿನಿಮಾದಾಗಿನ ಕೂಸು ಶಾಣೇದು, ಎತ್ತಿದ್ರೂ ಎಚ್ಚರಾಗಲಿಲ್ಲ. ನಮ್ಮ ಕೂಸು ಆಕಿನ್ನ ಗುರುತ ಹಿಡೀಲಿಲ್ಲ. ಮೈ ಬಿಲ್ಲು ಮಾಡಿ, ಅಜ್ಜಿ ಕಡೆ ಕೈ ಚಾಚಿ ಅತ್ತಿತು. ಅಕ್ಕ ಕುಂಚಿಗಿ ತಗದು ಹಾಕಾಕ ನೋಡಿದ್ಲು, ತಲೀಗೆ ಹಿಡೀಲಿಲ್ಲ, ಸಣ್ಣದಾಗಿತ್ತು. ಬದೀಗಿಟ್ಲು. ನೆಲದ ಮ್ಯಾಲ ಕುಂತು, ತೊಡಿ ಮ್ಯಾಲ ಹಾಕ್ಕೊಂಡು, ಸೆರಗು ಹೊಚ್ಚಿ ತಟ್ಟಾಕ ಶುರು ಮಾಡಿದ್ಲು. ಕೈ ತುಂಬ ಹಸರ ಬಳಿ, ತಟ್ಟಿದಾಗೊಮ್ಮೆ ಸಪ್ಪಳಾ. ಆಕಿ ಎಡಗೈಲೆ ಬಲಗೈ ಬಳಿ ಎಲ್ಲಾ ಮೊಣಕೈ ತನಕ ಏರಿಸಿ ಬಿಗಿ ಮಾಡ್ಕೊಂಡ್ಲು. ಸಪ್ಪಳಾ ನಿಂತಿತು. ನಾ ಅಪ್ಪನ ಮುಖಾ ನೋಡಿದೆ, ಅಪ್ಪ ನನ್ನ ಮುಖಾ ನೋಡಲಿಲ್ಲ.

ಕೂಸು ಬಾಳೊತ್ತು ಅತ್ತಿತು. ಅಷ್ಟೊತ್ತೂ ಅಕ್ಕ ತಟ್ಟೂದು ನಿಂದ್ರಸಲಿಲ್ಲ. ಯಾರೂ ಹೋಗಲಿಲ್ಲ. ಅತ್ತಿ ಮೊದಲು ತೊಟ್ಲ ಹಿಡದು ನಿಂತಿದ್ಲು, ಆಮ್ಯಾಲ ಹೊಸ್ತಿಲದ ಮ್ಯಾಲ ಕುಂತ್ಲು. ಅಳು ಬಿಕ್ಕಾತು, ಬಿಕ್ಕು ಹೋಗಿ ಉಸರಾತು. ಒಳಗ ಕತ್ತಲಿ ಆತು. ನಾಲ್ಕೂ ಮನ್ಯಾಗ ದೀಪಾ ಹಚ್ಚಿರಲಿಲ್ಲ. ಲಕ್ಷ್ಮಿ ಅವತ್ತು ಹೊರಗ ಕಾಯ್ಕೋತ ನಿಂತಿದ್ರ ನಿಂತಿರಬೇಕು.

ಕಡೀಕ ಅತ್ತಿ ನನ್ನ ಕಡೆ ಬಗ್ಗಿ, ಕೂಸಿಗೆ ಕೇಳಿಸದಂಗ ಕೇಳಿದ್ಲು. "ಸಿನಿಮಾದಾಗೂ ಹಿಂಗ ಆತೇನು?"

ನನಗ ಸಿಟ್ಟು ನೆತ್ತಿಗೆ ಏರಿತು. ಹಿಂಗ ಆಗಲಿಲ್ಲರಿ ಅನ್ನೂವಾಕಿ ಇದ್ದೆ. ಆ ರಾಜಗ ಯಾರೂ ಇಷ್ಟು ಮಂದಿ ಮುಂದ ತನ್ನ ಕೂಸು ಮಲಗಿಸಿ ತೋರಿಸು ಅನ್ನಲಿಲ್ಲ, ಅವನ ರಾಣಿ ಬಾಗಲದಾಗ ಕೈ ಅಡ್ಡಾ ಹಿಡದು ನಿಂತಿದ್ಲು, ನಿಮ್ಮ ಮಗ ಗ್ವಾಡಿ ಹಿಡಕೊಂಡು ನಿಂತಾನ ಅನ್ನೂವಾಕಿ ಇದ್ದೆ. ಬಾಯಿ ತಗದೆ.

"ಸುಮ್ಮನಿರು" ಅಂದ್ಲು ಅಕ್ಕ. "ಕೂಸು ಏಳತೈತಿ."

ಸುಮ್ಮನಾದೆ. ಅತ್ತಿ ಎದ್ದು ದೀಪಾ ಹಚ್ಚಿ ತಂದು ಅಕ್ಕನ ಮಗ್ಗಲಕ ಇಟ್ಲು. ನಾನೂ ಅಪ್ಪಾನೂ ಇಬ್ಬರ ಹುಬ್ಬಳ್ಳಿಗೆ ಹೊಳ್ಳಿ ಬಂದ್ವಿ. ಅಕ್ಕ ಆ ಮನ್ಯಾಗ ಬಾಳೇ ಮಾಡಿದ್ಲು, ಅತ್ತಿ ಕಡೀ ದಿನದಾಗ ಹಾಸಿಗಿ ಹಿಡದಾಗ ಆಕೀನ ಜ್ವಾಕಿ ಮಾಡಿದ್ಲು. ಈಗ ಇಬ್ಬರೂ ಇಲ್ಲ. ಅವತ್ತು ನುಂಗಿದ ಮಾತು ಮಾತ್ರ ನನ್ನ ಗಂಟಲಾಗ ಹಂಗ ಕುಂತಿತ್ತು. ಇವತ್ತು ಯಾವ ಕೂಸೂ ಮಲಗಿಲ್ಲ, ಅದಕ್ಕ ಅಂದೆ.